ಕುಣಿತದ ನಡೆಯಲ್ಲಿ ಇಷ್ಟೊಂದು ದುಃಖವೇ!

ಪಿಯಾನೊ ಒಂದೇ ಶುರು ಮಾಡುತ್ತದೆ. ಸುತ್ತ ಇಡೀ ಆರ್ಕೆಸ್ಟ್ರಾ ಕೂತಿದೆ, ಯಾರೂ ತುಟಿಪಿಟಕ್ಕೆನ್ನುವುದಿಲ್ಲ. 12 ಬಾರ್‌ಗಳಷ್ಟು ಹೊತ್ತು ಆ ಒಂಟಿ ವಾದ್ಯ ತನ್ನಷ್ಟಕ್ಕೆ ಹೇಳಿಕೊಂಡು ಹೋಗುತ್ತದೆ. ಆಮೇಲೆ ಪಿಟೀಲು, ಕ್ಲಾರಿನೆಟ್, ಬಸೂನ್‌ಗಳು ಒಂದರ ಮಾತಿನ ಮೇಲೆ ಇನ್ನೊಂದು ಬಂದು ಸೇರುತ್ತವೆ ನೋಡಿ, ಮೈ ಜುಮ್ಮೆನ್ನುತ್ತದೆ!

ಇದು ಮೊಜಾರ್ಟ್‌ನ 23ನೇ ಪಿಯಾನೊ ಕಾನ್ಸರ್ಟೊದ ನಡುವಿನ ಭಾಗ. ಕೃತಿಯ ಸಂಖ್ಯೆ ಕೆ. 488. ಮೊಜಾರ್ಟ್ ತನ್ನ ಕೈಯಾರೆ ಬರೆದಿಟ್ಟುಕೊಂಡ ಪಟ್ಟಿಯಲ್ಲಿ ಇದರ ತಾರೀಖು 1786ರ ಮಾರ್ಚ್ 2. ಆಗ ಅವನಿಗೆ ಬರೀ 30 ವರ್ಷ. ಇತ್ತ ವಿಯೆನ್ನಾದಲ್ಲಿ ‘ಫಿಗಾರೊನ ಮದುವೆ’ ಎಂಬ ಹಾಸ್ಯದ ಒಪೆರಾ ಮೇ 1ಕ್ಕೆ ರಂಗಕ್ಕೇರಬೇಕಿತ್ತು. ನಗೆಯ ನಾಟಕ ಸಿದ್ಧವಾಗುತ್ತಿದ್ದ ಅದೇ ದಿನಗಳಲ್ಲಿ, ಅದೇ ಕೈಯಿಂದ, ಈ ಆರೇಳು ನಿಮಿಷಗಳ ಸಂಕಟವೂ ಹುಟ್ಟಿತು!

ಶ್ರುತಿಯಲ್ಲಿರುವ ಸೋಜಿಗ ಇನ್ನೂ ದೊಡ್ಡದು. ಈ ಭಾಗ ಇರುವುದು ಎಫ್ ಶಾರ್ಪ್ ಮೈನರ್‌ನಲ್ಲಿ. ಕೆ. 626ರವರೆಗೆ ಸಾಗುವ ಆ ಮಹಾರಾಶಿಯಲ್ಲಿ ಮೊಜಾರ್ಟ್ ಈ ಶ್ರುತಿಯಲ್ಲಿ ಬರೆದ ಭಾಗ ಇದೊಂದೇ. ಒಂದೇ ಒಂದು! ಹಿಂದೆ ಮುಂದೆ ಇರುವ ಎರಡೂ ಭಾಗಗಳು ಎ ಮೇಜರ್‌ನಲ್ಲಿವೆ, ಬಿಸಿಲಿನಂತೆ ಹೊಳೆಯುತ್ತವೆ. ಈ ಎರಡು ಶ್ರುತಿಗಳಿಗೆ ಇರುವುದು ಅವೇ ಏಳು ಸ್ವರಗಳು. ಕರ್ನಾಟಕ ಸಂಗೀತ ಕೇಳುವ ನಮ್ಮ ಕಿವಿಗೆ ಇದು ಗ್ರಹಭೇದವೆಂದರೆ ಥಟ್ಟನೆ ಹೊಳೆದೀತು: ಶಂಕರಾಭರಣದ ಧೈವತವನ್ನೇ ಷಡ್ಜ ಮಾಡಿಕೊಂಡರೆ ನಟಭೈರವಿ ಸಿಗುತ್ತದಲ್ಲ, ಹಾಗೆ. ಅದಕ್ಕೆ ಕಾಕಲಿ ನಿಷಾದ ಬಂದು ಸೇರಿದಾಗ ಸ್ವರಸಾಲು ಕೀರವಾಣಿಯದಾಗುತ್ತದೆ. ಮೊಜಾರ್ಟ್ ಅಷ್ಟಕ್ಕೇ ನಿಲ್ಲುವುದಿಲ್ಲ. ಆರಂಭದ ಆ ಒಂಟಿ ಮಾತು ಮುಗಿಯುವ ಮುನ್ನ, ಯಾರೂ ಎಣಿಸದ ಕಡೆ, ಜಿ ಮೇಜರ್ ಸ್ವರಮೇಳವೊಂದನ್ನು ತಂದು ಇಡುತ್ತಾನೆ. ಚತುಶ್ರುತಿ ರಿಷಭ ಇರಬೇಕಾದ ಜಾಗದಲ್ಲಿ ಶುದ್ಧ ರಿಷಭ ಕಾಲಿಟ್ಟಂತೆ! ಅರ್ಧ ಸ್ವರದ ಅಂತರವಷ್ಟೇ. ಅಷ್ಟರಲ್ಲೇ ಎದೆ ಧಸಕ್ಕೆನ್ನುತ್ತದೆ.

ಇನ್ನು ಲಯಕ್ಕೆ ಬನ್ನಿ. ಇದು ಸಿಸಿಲಿಯಾನೊ, ಕುರಿಗಾಹಿಗಳ ಬದುಕನ್ನು ನೆನಪಿಸುವ ಹಳೆಯ ಕುಣಿತದ ನಡೆ. ಬಾರ್‌ಗೆ ಆರು ಎಣಿಕೆ, ಮೂರು ಮೂರರ ಎರಡು ಗುಂಪು. ಒಂದು ಗುಂಪಿನ ಮೂರು ಎಣಿಕೆಯನ್ನು ಒಡೆದು ಆರು ಮಾಡಿಕೊಂಡು ಬೆರಳಲ್ಲಿ ಲೆಕ್ಕ ಹಾಕಿ. ಮೊದಲ ಸ್ವರಕ್ಕೆ ಮೂರು, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಎರಡು. ಉದ್ದ, ಚುಟುಕು, ಮಧ್ಯಮ. ಈ ತೂಗಾಟ ಹೊಸ್ತಿಲಲ್ಲೇ ಹಿಡಿದುಬಿಡುತ್ತದೆ. ಅಳುವ ಶ್ರುತಿ, ಕುಣಿಯುವ ಲಯ! ದುಃಖ ಕುಸಿದು ಕೂರುವುದಿಲ್ಲ, ಹೆಜ್ಜೆ ಹಾಕುತ್ತಲೇ ಇರುತ್ತದೆ. ಈ ಸಂಗೀತ ಇಷ್ಟು ಆಳಕ್ಕೆ ಇಳಿಯುವ ಗುಟ್ಟು ಇಲ್ಲೇ ಇದೆ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಆದ್ದರಿಂದಲೇ ಕಾಲಪ್ರಮಾಣದ ಪ್ರಶ್ನೆ ಇಲ್ಲಿ ಪ್ರಾಣದ ಪ್ರಶ್ನೆ. ಮೊಜಾರ್ಟ್‌ನ ಹಸ್ತಪ್ರತಿಯಲ್ಲಿರುವುದು ಅಡಾಜಿಯೊ, ಅಂದರೆ ನಿಧಾನ. ಮುಂದೆ ಅಚ್ಚಾದ ಕೆಲವು ಪ್ರತಿಗಳು ಅದನ್ನು ಆಂಡಾಂಟೆ ಮಾಡಿದವು, ಅಂದರೆ ನಡಿಗೆಯ ವೇಗ. ನುಡಿಸುವವರೂ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದಾರೆ. 1987ರಲ್ಲಿ ಮಿಲಾನ್‌ನಲ್ಲಿ ಹೊರೊವಿಟ್ಜ್ ಧ್ವನಿಮುದ್ರಿಸಿದಾಗ ಚುರುಕಾಗಿಯೇ ನಡೆಸಿದರು, ಕುಣಿತ ಎದ್ದು ಕೇಳಿಸುತ್ತದೆ. ಕಾರ್ಲ್ ಬೋಮ್ ಅವರ ನಿರ್ದೇಶನದಲ್ಲಿ ವಿಯೆನ್ನಾ ಫಿಲ್ಹಾರ್ಮೊನಿಕ್ ಜೊತೆ ಪೊಲ್ಲಿನಿ ನುಡಿಸಿದ್ದು ಅದಕ್ಕಿಂತ ತಾಳ್ಮೆಯದು. ಎರಡೂ ಚೆಂದ. ಆದರೆ ವಿಪರೀತ ಎಳೆದರೆ ಆ ಮೂರು-ಒಂದು-ಎರಡು ಅಳಿಸಿಹೋಗುತ್ತದೆ, ಉಳಿಯುವುದು ಬರೀ ಗೋಳು.

ನಡುವೆ ಒಮ್ಮೆ ಕೊಳಲು, ಕ್ಲಾರಿನೆಟ್‌ಗಳು ಎ ಮೇಜರ್‌ಗೆ ಹೊರಳುತ್ತವೆ, ಎಷ್ಟು ಹಿತ! ಈ ಕೃತಿಯಲ್ಲಿ ಓಬೊ ಇಲ್ಲ, ತುತ್ತೂರಿ ಇಲ್ಲ, ನಗಾರಿ ಇಲ್ಲ. ಆ ಮೆದು ಬಣ್ಣ ಬಂದದ್ದೇ ಕ್ಲಾರಿನೆಟ್‌ಗಳಿಂದ. ಹಿತ ಬಹಳ ಹೊತ್ತು ಇರುವುದಿಲ್ಲ, ಮೊದಲಿನ ರಾಗ ಮರಳುತ್ತದೆ. ಕೊನೆಗೆ ಬರುವುದು ಇಡೀ ಭಾಗದ ಅಚ್ಚರಿ. ಪಿಟೀಲಿನವರು ಕಮಾನು ಬಿಟ್ಟು ತಂತಿಗಳನ್ನು ಬೆರಳಿನಿಂದ ಮೀಟುತ್ತಾರೆ. ಅದರ ಮೇಲೆ ಪಿಯಾನೊ ಒಂದೊಂದೇ ಸ್ವರ ಇಡುತ್ತಾ ಸ್ಥಾಯಿಯಿಂದ ಸ್ಥಾಯಿಗೆ ಜಿಗಿಯುತ್ತದೆ. ನಡುವೆ ಎಷ್ಟೊಂದು ಖಾಲಿ! ಆ ಖಾಲಿಯನ್ನು ಗಮಕ, ಓಟಗಳಿಂದ ತುಂಬಬೇಕೋ, ಬರೆದಂತೆಯೇ ಬಿಡಬೇಕೋ ಎಂಬ ಚರ್ಚೆ ಪಿಯಾನೊ ವಾದಕರಲ್ಲಿ ಇಂದಿಗೂ ನಡೆದೇ ಇದೆ.

ಒಂದು ಮಾತು ಕೇಳಿಕೊಳ್ಳುತ್ತೇನೆ. ಈ ಭಾಗವನ್ನು ಕಿತ್ತು ಬಿಡಿಯಾಗಿ ಕೇಳಬೇಡಿ. ಮೊದಲ ಭಾಗದಿಂದ ಶುರು ಮಾಡಿ, ಅಡಾಜಿಯೊ ಮುಗಿದ ಮೇಲೂ ಎದ್ದು ಹೋಗದೆ ಕೂತಿರಿ. ಮೂರನೆಯ ಭಾಗವನ್ನು ಆರಂಭಿಸುವುದೂ ಪಿಯಾನೊ ಒಂದೇ, ಆದರೆ ಈ ಸಲ ಎ ಮೇಜರ್‌ನಲ್ಲಿ, ಭರ್ಜರಿ ವೇಗದಲ್ಲಿ. ಅವೇ ಏಳು ಸ್ವರಗಳಿಂದ ಮನುಷ್ಯನೊಬ್ಬ ಎಷ್ಟು ದೂರ ಹೋಗಬಲ್ಲ ಎಂಬುದು ಪೂರ್ತಿ ಕೇಳಿದವರಿಗೇ ದಕ್ಕುತ್ತದೆ.