ಎರಡು ನಿಮಿಷದ ಮಾತಿಗೆ ಮಿದುಳಿನ ತಯಾರಿ

ಇಂಗ್ಲಿಷ್ ಎಷ್ಟು ಬರುತ್ತದೆಂದು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಮಾತಿನ ವಿಭಾಗದಲ್ಲಿ ಪರೀಕ್ಷಕರು ಒಂದು ಚೀಟಿ ಕೊಡುತ್ತಾರೆ. ‘ನಿಮಗೆ ಇಷ್ಟವಾದ ಒಂದು ಹಾಡಿನ ಬಗ್ಗೆ ಹೇಳಿ. ಅದನ್ನು ಮೊದಲು ಎಲ್ಲಿ ಕೇಳಿದಿರಿ, ಅದರಲ್ಲಿ ಏನಿದೆ, ಏಕೆ ಇಷ್ಟ?’ ಎಂಬಂಥ ಪ್ರಶ್ನೆ ಅದರಲ್ಲಿರುತ್ತದೆ. ಯೋಚಿಸಿ ಗುರುತು ಹಾಕಿಕೊಳ್ಳಲು ಒಂದು ನಿಮಿಷ. ಆಮೇಲೆ ಎರಡು ನಿಮಿಷದವರೆಗೆ ಒಬ್ಬರೇ ಮಾತಾಡಬೇಕು. ಬ್ರಿಟನ್ನಿಗೆ ನರ್ಸ್ ಕೆಲಸಕ್ಕೆ ಹೊರಟ ಮಂಗಳೂರಿನ ಹುಡುಗಿಯಿರಲಿ, ಆಸ್ಟ್ರೇಲಿಯಾದಲ್ಲಿ ಓದಬೇಕೆಂದಿರುವ ದಾವಣಗೆರೆಯ ಎಂಜಿನಿಯರ್ ಇರಲಿ, ಹೆಚ್ಚು ಹೆದರುವುದು ಈ ಎರಡು ನಿಮಿಷಕ್ಕೇ. ಹಾಡು ಗೊತ್ತು, ವ್ಯಾಕರಣವೂ ಗೊತ್ತು. ಆದರೂ ಅರ್ಧ ನಿಮಿಷ ಕಳೆಯುವಷ್ಟರಲ್ಲಿ ನಾಲಿಗೆ ತಡವರಿಸುತ್ತದೆ.

ಮಾತು ಹುಟ್ಟುವ ಬಗೆಯನ್ನು ನೆದರ್ಲೆಂಡ್ಸ್‌ನ ಭಾಷಾ ಮನೋವಿಜ್ಞಾನಿ ವಿಲೆಮ್ ಲೆವೆಲ್ಟ್ 1989ರಲ್ಲಿ ಮೂರು ಹಂತಗಳಾಗಿ ವಿವರಿಸಿದರು. ಏನು ಹೇಳಬೇಕೆಂದು ನಿರ್ಧರಿಸುವುದು ಮೊದಲನೆಯದು. ಅದಕ್ಕೆ ಪದ ಹುಡುಕಿ ವಾಕ್ಯ ಕಟ್ಟುವುದು ಎರಡನೆಯದು. ತುಟಿ, ನಾಲಿಗೆ, ಗಂಟಲಿಗೆ ಕೆಲಸ ಹೇಳುವುದು ಮೂರನೆಯದು. ನಾವು ಸಹಜವಾಗಿ ಮಾತಾಡುವಾಗ ಸೆಕೆಂಡಿಗೆ ಎರಡು ಮೂರು ಪದಗಳು ಹೊರಬೀಳುತ್ತವೆ, ಮೂರೂ ಹಂತಗಳು ಒಟ್ಟೊಟ್ಟಿಗೆ ನಡೆಯುತ್ತಿರುತ್ತವೆ. ಕನ್ನಡದಲ್ಲಿ ನಮಗೆ ಕೊನೆಯ ಎರಡು ಹಂತಗಳಿಗೆ ಗಮನ ಕೊಡುವ ಅಗತ್ಯವೇ ಬೀಳುವುದಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. ಪದ ಯಾವುದು, ಕಾಲ ಯಾವುದು ಎಂದು ನೋಡುವುದಕ್ಕೇ ಗಮನವೆಲ್ಲ ಖರ್ಚಾಗಿ, ಮುಂದೇನು ಹೇಳುವುದೆಂದು ಯೋಚಿಸಲು ಏನೂ ಉಳಿಯುವುದಿಲ್ಲ.

ಇದಕ್ಕೆ ಹಲವರು ಹಿಡಿಯುವ ದಾರಿ ಬಾಯಿಪಾಠ. ನನಗಿದು ನಿಜಕ್ಕೂ ಬೇಸರ ತರುವ ಸಂಗತಿ, ಏಕೆಂದರೆ ಶ್ರಮವೆಲ್ಲ ತಪ್ಪು ಜಾಗಕ್ಕೆ ಬೀಳುತ್ತದೆ. ಉರು ಹೊಡೆದ ಉತ್ತರವನ್ನು ಗುರುತಿಸುವ ತರಬೇತಿ ಪರೀಕ್ಷಕರಿಗೆ ಇರುತ್ತದೆ. ಅಲ್ಲದೆ ಚೀಟಿಯ ಬೆನ್ನಿಗೇ ನಾಲ್ಕೈದು ನಿಮಿಷದ ಚರ್ಚೆ ಇದೆ. ‘ಶಾಲೆಯಲ್ಲಿ ಸಂಗೀತ ಕಡ್ಡಾಯವಾಗಬೇಕೆ?’, ‘ದೊಡ್ಡವರಾದ ಮೇಲೆ ಭಾಷೆ ಕಲಿಯುವುದು ಕಷ್ಟವೆ?’ ಎಂದು ಕೇಳಿದರೆ, ಬಾಯಿಪಾಠ ಮಾಡಿದವರು ವಾಕ್ಯ ಕಟ್ಟುವ ಎರಡನೇ ಹಂತವನ್ನು ರೂಢಿಸಿಕೊಂಡೇ ಇರುವುದಿಲ್ಲ.

ಆ ಹಂತವನ್ನೇ ಪಳಗಿಸುವ ಅಭ್ಯಾಸವೊಂದಿದೆ. ನ್ಯೂಜಿಲೆಂಡಿನ ಭಾಷಾ ಬೋಧನಾ ತಜ್ಞ ಪಾಲ್ ನೇಷನ್ ಅದನ್ನು 1989ರಲ್ಲಿ ಪರಿಶೀಲಿಸಿ ಬರೆದರು. ಒಂದೇ ವಿಷಯವನ್ನು ಮೊದಲು ನಾಲ್ಕು ನಿಮಿಷ, ಆಮೇಲೆ ಬೇರೊಬ್ಬರಿಗೆ ಮೂರು ನಿಮಿಷದಲ್ಲಿ, ಕೊನೆಗೆ ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ ಹೇಳಬೇಕು. ಬರೆದುಕೊಂಡು ಓದುವಂತಿಲ್ಲ. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿಸುವ ಸಂಗೀತದ ಮೇಷ್ಟರಿಗೆ ಇದರ ಮರ್ಮ ತಕ್ಷಣ ಹೊಳೆಯುತ್ತದೆ: ಸ್ವರಗಳು ಅವೇ, ವೇಗ ಮಾತ್ರ ಏರುತ್ತದೆ, ಅಷ್ಟರಲ್ಲಿ ಗಂಟಲು ಯೋಚಿಸದೆ ಹಾಡಲು ಕಲಿತಿರುತ್ತದೆ. 2011ರಲ್ಲಿ ಸಂಶೋಧಕರಾದ ನೆಲ್ ಡಿ ಯೋಂಗ್ ಮತ್ತು ಚಾರ್ಲ್ಸ್ ಪರ್ಫೆಟಿ ಇದನ್ನು ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ಕೆಲವರು ಒಂದೇ ವಿಷಯವನ್ನು ಮೂರು ಸಲ ಹೇಳಿದರು. ಉಳಿದವರಿಗೆ ಪ್ರತಿ ಸಲವೂ ಹೊಸ ವಿಷಯ. ತರಬೇತಿಯ ಹೊತ್ತಿನಲ್ಲಿ ಎಲ್ಲರ ಮಾತೂ ಸರಾಗವಾಯಿತು. ಆದರೆ ಕೆಲವು ವಾರಗಳ ನಂತರ ಬೇರೆಯೇ ವಿಷಯ ಕೊಟ್ಟಾಗ ಆ ಸರಾಗತೆ ಉಳಿದಿದ್ದು ಮೂರು ಸಲ ಹೇಳಿದ್ದನ್ನೇ ಹೇಳಿದವರಲ್ಲಿ. ಹಾಡಿನ ಪ್ರಶ್ನೆಗೆ ಪಟ್ಟ ಶ್ರಮ ಪ್ರವಾಸದ ಪ್ರಶ್ನೆಗೂ ಒದಗುತ್ತದೆ ಎಂದಾಯಿತು. ನನ್ನ ಮಟ್ಟಿಗೆ, ಪರೀಕ್ಷೆಗೆ ಕೂರುವ ಪ್ರತಿಯೊಬ್ಬರಿಗೂ ಮೊದಲು ತಿಳಿಯಬೇಕಾದ ಸಂಗತಿ ಇದು.

ಮಾದರಿ ಉತ್ತರಗಳನ್ನು ಮತ್ತೆ ಮತ್ತೆ ಓದುವುದರಿಂದ ಸಿಗುವ ಧೈರ್ಯ ಮಾತ್ರ ಮೋಸದ್ದು. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಎರಡು ಬಾರಿ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರ ಕಳೆದ ಮೇಲೆ ಅವರಿಗೆ ನೆನಪಿದ್ದುದು ಸುಮಾರು ಶೇ. 42, ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆದವರಿಗೆ ಶೇ. 56.

ಇನ್ನು ಸಂಗೀತ. ಇಂಗ್ಲಿಷ್ ಹಾಡು ಕೇಳಿದರೆ ಇಂಗ್ಲಿಷ್ ಬರುತ್ತದೆಯೇ ಎಂದು ತುಂಬ ಜನ ಕೇಳುತ್ತಾರೆ. ಕೇಳಿದರೆ ಸಾಲದು, ಹಾಡಬೇಕು ಎನ್ನುತ್ತದೆ ಎಡಿನ್‌ಬರೋ ವಿಶ್ವವಿದ್ಯಾಲಯದ ಒಂದು ಅಧ್ಯಯನ. ಕ್ಯಾರನ್ ಲಡ್ಕಿ ಮತ್ತು ಸಂಗಡಿಗರು 60 ವಯಸ್ಕರಿಗೆ ಹಂಗೇರಿಯನ್ ನುಡಿಗಟ್ಟುಗಳನ್ನು ಕಲಿಸಿದರು. ಒಂದು ಗುಂಪು ಅವನ್ನು ಕೇಳಿ ಹಾಗೆಯೇ ಹೇಳಿತು, ಇನ್ನೊಂದು ಲಯಬದ್ಧವಾಗಿ ಹೇಳಿತು, ಮೂರನೆಯದು ಹಾಡಿತು. ಕಲಿಕೆಗೆ ಕೊಟ್ಟದ್ದು ಹದಿನೈದೇ ನಿಮಿಷ. ಹಂಗೇರಿಯನ್ನಿನಲ್ಲೇ ಬಾಯಿಬಿಟ್ಟು ಹೇಳಬೇಕಾದ ಪರೀಕ್ಷೆಗಳಲ್ಲಿ ಹಾಡಿ ಕಲಿತವರದು ಮೇಲುಗೈಯಾಯಿತು. ಹಾಡನ್ನು ಹಿನ್ನೆಲೆಯಲ್ಲಿ ಹಾಕಿಕೊಂಡು ಪದಪಟ್ಟಿ ಓದುವುದು ಬೇರೆ ಮಾತು. ಸಾಹಿತ್ಯವಿರುವ ಹಾಡು ಅಲ್ಪಾವಧಿಯ ನೆನಪನ್ನು ಬರಿಯ ವಾದ್ಯಸಂಗೀತಕ್ಕಿಂತ ಹೆಚ್ಚು ಕೆಡಿಸುತ್ತದೆಂದು ಸಲಾಮೆ ಮತ್ತು ಬ್ಯಾಡ್ಲಿ 1989ರಲ್ಲೇ ತೋರಿಸಿದ್ದಾರೆ.

ಕನ್ನಡಿಗರಿಗೆ ಹಾಡಿನಿಂದ ವಿಶೇಷ ಲಾಭವಿದೆಯೆಂದು ನಾನು ನಂಬುವುದು ಲಯದ ಕಾರಣಕ್ಕೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ತೂಕ ಸಿಗುತ್ತದೆ, ಹ್ರಸ್ವ ದೀರ್ಘ ಕೆಟ್ಟರೆ ಅರ್ಥವೇ ಕೆಡುತ್ತದೆ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಅಕ್ಷರ ಹಿಗ್ಗುತ್ತದೆ, ಅಕ್ಕಪಕ್ಕದವು ಕುಗ್ಗಿ ಹೋಗುತ್ತವೆ. ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲ ಅಕ್ಷರದ ಮೇಲಿದ್ದರೆ ‘ಫೋಟೋಗ್ರಾಫರ್’ನಲ್ಲಿ ಎರಡನೆಯದಕ್ಕೆ ಜಾರುತ್ತದೆ. ಭಾಷೆಯ ಈ ಲಯ ಸಂಗೀತದೊಳಕ್ಕೂ ಇಳಿದಿದೆ. ಅನಿರುದ್ಧ ಪಟೇಲ್ ಮತ್ತು ಜೋಸೆಫ್ ಡೇನಿಯಲಿ 2003ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸಿನ ಸಂಯೋಜಕರ ವಾದ್ಯಕೃತಿಗಳನ್ನು ಅಳೆದು ನೋಡಿದರು. ಒಂದರ ಪಕ್ಕದ ಇನ್ನೊಂದು ಸ್ವರದ ಉದ್ದದಲ್ಲಿ ಇಂಗ್ಲಿಷರ ಕೃತಿಗಳಲ್ಲಿ ಹೆಚ್ಚು ವ್ಯತ್ಯಾಸ, ಫ್ರೆಂಚರಲ್ಲಿ ಕಡಿಮೆ. ಅವರವರ ಮಾತಿನಲ್ಲೂ ಹಾಗೆಯೇ. ಇಂಗ್ಲಿಷ್ ಹಾಡೊಂದನ್ನು ಮೂಲದ ಜೊತೆಜೊತೆಗೇ ಹಾಡುವಾಗ ಎಲ್ಲ ಅಕ್ಷರಗಳಿಗೂ ಸಮನಾದ ತೂಕ ಕೊಡಲು ಹೋದರೆ ತಾಳ ತಪ್ಪುತ್ತದೆ, ತಪ್ಪಿದ್ದು ಕಿವಿಗೆ ಆಗಲೇ ತಿಳಿಯುತ್ತದೆ.

ಉಚ್ಚಾರಣೆಗೆ ಇರುವುದು ಮಾತಿನ ಅಂಕದ ಕಾಲು ಭಾಗ. ನಿರರ್ಗಳತೆ, ಪದಸಂಪತ್ತು, ವ್ಯಾಕರಣಕ್ಕೂ ಅಷ್ಟಷ್ಟೇ. ಬ್ರಿಟಿಷರ ಧಾಟಿಯನ್ನು ನಕಲು ಮಾಡಬೇಕಿಲ್ಲ. ಕನ್ನಡದ ಛಾಯೆ ಇದ್ದರೂ ಕೇಳುವವರಿಗೆ ತೊಡಕಿಲ್ಲದೆ ಅರ್ಥವಾದರೆ ಆಯಿತು. ದೊಡ್ಡವರಾದ ಮೇಲೆ ಭಾಷೆ ಕಲಿಯುವುದು ಕಷ್ಟವೆ ಎಂಬ ಪ್ರಶ್ನೆಗೆ ಉತ್ತರಿಸಲೂ ಒಂದು ಆಧಾರವಿದೆ. ಹಾರ್ಟ್‌ಶೋರ್ನ್, ಟೆನೆನ್‌ಬಾಮ್ ಮತ್ತು ಪಿಂಕರ್ 2018ರಲ್ಲಿ ಸುಮಾರು 6.7 ಲಕ್ಷ ಜನರ ವ್ಯಾಕರಣ ಪರೀಕ್ಷೆಯ ಉತ್ತರಗಳನ್ನು ಜಾಲಾಡಿ, ವ್ಯಾಕರಣ ಕಲಿಯುವ ಚುರುಕು 17ರ ಆಸುಪಾಸಿನವರೆಗೂ ಕುಂದುವುದಿಲ್ಲ ಎಂದು ಕಂಡುಕೊಂಡರು. ಆಮೇಲೆ ಇಳಿಯುವುದು ಆ ಚುರುಕು, ಹಾಗೆಂದು ಕಲಿಕೆ ನಿಂತುಹೋಗುವುದಿಲ್ಲ. ಮೂವತ್ತು ದಾಟಿದ ನರ್ಸ್‌ಗೆ ಬ್ರಿಟನ್ನಿನ ನರ್ಸಿಂಗ್ ಮಂಡಳಿ ಕೇಳುವ ಮಾತಿನ ಅಂಕ 7, ಗರಿಷ್ಠವಾದ ಒಂಬತ್ತಲ್ಲ. ಆ ಏಳಕ್ಕೆ ಅಲ್ಲಲ್ಲಿ ಆಗುವ ವ್ಯಾಕರಣದ ತಪ್ಪುಗಳು ಅಡ್ಡಬರುವುದಿಲ್ಲ.