ಸೊಲೊಮೋನನ ಹಡಗಿನಲ್ಲಿ ನಮ್ಮ ನವಿಲು ಇತ್ತೆ?

ಮೂರು ವರ್ಷಕ್ಕೊಮ್ಮೆ ಅರಸ ಸೊಲೊಮೋನನ ಹಡಗುಗಳು ದೂರದ ದೇಶಗಳಿಂದ ಮರಳುತ್ತಿದ್ದವು. ಬಂಗಾರ, ಬೆಳ್ಳಿ, ಆನೆಯ ದಂತ, ಕಪಿಗಳನ್ನು ತರುತ್ತಿದ್ದವು, ಜೊತೆಗೆ ‘ತುಕ್ಕೀಯಿಮ್’. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ 1 ಅರಸುಗಳು ಪುಸ್ತಕದ 10ನೇ ಅಧ್ಯಾಯ, 22ನೇ ವಚನ ಕೊಡುವ ಪಟ್ಟಿ ಇದು. 2 ಪೂರ್ವಕಾಲವೃತ್ತಾಂತದ 9ನೇ ಅಧ್ಯಾಯ ಇದೇ ಪಟ್ಟಿಯನ್ನು ಮತ್ತೊಮ್ಮೆ ಒಪ್ಪಿಸುತ್ತದೆ. ಈ ಎರಡು ಕಡೆ ಬಿಟ್ಟರೆ ಇಡೀ ಹೀಬ್ರೂ ಬೈಬಲಿನಲ್ಲಿ ಈ ಪದದ ಸುಳಿವೇ ಇಲ್ಲ.

ಕನ್ನಡ ಬೈಬಲಿನಲ್ಲಿ ಆ ಜಾಗದಲ್ಲಿ ನವಿಲು ಕೂತಿದೆ. ಅರಮನೆ ಎಂದ ಮೇಲೆ ನವಿಲು ಇರದೆ ಉಂಟೆ ಎಂದುಕೊಂಡು ನಾವು ಮುಂದೆ ಓದುತ್ತೇವೆ. ಆದರೆ ಗರಿ ಬಿಚ್ಚಿ ಕುಣಿಯುವ ಈ ನವಿಲು ಇಸ್ರಾಯೇಲಿನ ನೆಲದ್ದಲ್ಲ. ಅದರ ತವರು ಭಾರತ ಮತ್ತು ಶ್ರೀಲಂಕಾ. ಕ್ರಿಸ್ತಪೂರ್ವ 10ನೇ ಶತಮಾನದ ಅರಸನ ಹಡಗಿಗೆ ಅದು ಹತ್ತಿದ್ದು ಎಲ್ಲಿ?

ಹೀಬ್ರೂ ಭಾಷೆಯಲ್ಲಿ ‘ಈಮ್’ ಬಹುವಚನದ ಪ್ರತ್ಯಯ. ಅದನ್ನು ಕಳಚಿದರೆ ಕೈಯಲ್ಲಿ ಉಳಿಯುವುದು ‘ತುಕ್ಕಿ’. ತಿರುನೆಲ್ವೇಲಿ ಸೀಮೆಯಲ್ಲಿದ್ದ ಪಾದ್ರಿ ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಪ್ರಕಟಿಸಿದ. ಹೀಬ್ರೂವಿನ ಈ ಪದದ ಪಕ್ಕದಲ್ಲಿ ಅವನು ಇಟ್ಟದ್ದು ತಮಿಳಿನ ‘ತೋಗೈ’ಯನ್ನು. ಅದಕ್ಕೆ ನವಿಲಿನ ಗರಿಗೊಂಚಲು ಎಂದೂ ನವಿಲು ಎಂದೂ ಅರ್ಥವಿದೆ. ಲಿಖಿತ ದಾಖಲೆಗೆ ಸೇರಿದ ಅತಿ ಹಳೆಯ ದ್ರಾವಿಡ ಪದ ಇದೇ ಇರಬೇಕು ಎಂಬುದು ಅವನ ವಾದ. ಕನ್ನಡದ ‘ತೋಕೆ’ ಇದೇ ಬಳ್ಳಿಯ ಕುಡಿ, ಅರ್ಥ ಬಾಲ. ತೆಲುಗು ಬಲ್ಲ ಬಳ್ಳಾರಿ, ಕೋಲಾರದ ಓದುಗರಿಗೆ ‘ತೋಕ’ ದಿನಬಳಕೆಯ ಮಾತು.

ಹಕ್ಕಿಯನ್ನು ಬಾಲದ ಹೆಸರಿನಿಂದ ಕರೆಯುವುದುಂಟೆ ಎಂದು ಕೇಳುವವರು ಹಳಗನ್ನಡದ ‘ಸೋಗೆ’ಯನ್ನು ನೆನೆಯಬಹುದು. ಅದು ನವಿಲಿನ ಗರಿಗೂ ಸಲ್ಲುತ್ತಿತ್ತು, ನವಿಲಿಗೂ ಸಲ್ಲುತ್ತಿತ್ತು. ಮಲೆನಾಡಿನವರಿಗೆ ಇಂದು ಸೋಗೆ ಎಂದರೆ ಅಡಿಕೆ ಮರದ ಗರಿ. ನವಿಲಿನ ಗರಿ ಕಣ್ಣಿಗೆ ಬಿದ್ದ ಮೇಲೆ ಉಳಿದ ಹಕ್ಕಿಯನ್ನು ನೋಡುವವರು ಯಾರು?

ಪಟ್ಟಿಯ ಉಳಿದ ಪದಗಳಲ್ಲೂ ಭಾರತದ ವಾಸನೆ ಹಿಡಿದವರಿದ್ದಾರೆ. ಕಪಿಗೆ ಅಲ್ಲಿರುವ ಪದ ‘ಕೋಫ್’. ಸಂಸ್ಕೃತದ ‘ಕಪಿ’ಯನ್ನು ತಂದು ಹೊಂದಿಸಿದರು. ಅದೇ ಅಧ್ಯಾಯದ ‘ಅಲ್ಮುಗ್’ ಮರವನ್ನು ಶ್ರೀಗಂಧ ಎಂದವರೂ ಉಂಟು. ಮೈಸೂರು ಸೀಮೆಯವರಿಗೆ ಕೇಳಲು ಹಿತವಾಗಿದ್ದರೂ, ಪೂರ್ವಕಾಲವೃತ್ತಾಂತ ಆ ಮರವನ್ನು ಲೆಬನೋನಿನಿಂದ ತರಿಸುತ್ತದೆ. ಗಂಧದ ಮಾತನ್ನು ಅಲ್ಲಿಗೇ ಬಿಡೋಣ.

ನವಿಲನ್ನು ಅಷ್ಟು ಸುಲಭವಾಗಿ ಬಿಡಲಾಗದು. ಪೂರ್ತಿ ನಂಬಲೂ ಆಗದು. ಕ್ರಿಸ್ತಪೂರ್ವದಲ್ಲೇ ಆದ ಗ್ರೀಕ್ ಅನುವಾದದ ಅರಸುಗಳ ಪುಸ್ತಕದಲ್ಲಿ ದಂತವೂ ಇಲ್ಲ, ಕಪಿಯೂ ಇಲ್ಲ, ತುಕ್ಕಿಯೂ ಇಲ್ಲ, ಕೆತ್ತಿದ ಕಲ್ಲುಗಳಿವೆ. 1ನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಅದೇ ಹಡಗಿನಲ್ಲಿ ಕಪಿಗಳ ಜೊತೆ ಇಥಿಯೋಪಿಯದ ಜನರನ್ನು ಕೂರಿಸಿದ. ಅರಮಾಯಿಕ್ ಮತ್ತು ಲ್ಯಾಟಿನ್ ಅನುವಾದಕರು ನವಿಲಿನ ಪಕ್ಷ ಹಿಡಿದರು. 1611ರ ಇಂಗ್ಲಿಷ್ ಬೈಬಲೂ ಅದೇ ದಾರಿ ತುಳಿಯಿತು. (ಆ ಇಂಗ್ಲಿಷ್ ಪಂಡಿತರಿಗೆ ನವಿಲಿನ ಮೇಲೆ ಮೋಹ ಸ್ವಲ್ಪ ಹೆಚ್ಚೇ. ಯೋಬನ ಪುಸ್ತಕದಲ್ಲಿ ಇಂದಿನ ವಿದ್ವಾಂಸರು ಉಷ್ಟ್ರಪಕ್ಷಿ ಎನ್ನುವ ಹಕ್ಕಿಯನ್ನೂ ನವಿಲು ಮಾಡಿಟ್ಟರು.) 20ನೇ ಶತಮಾನದಲ್ಲಿ ಅಮೆರಿಕದ ಪುರಾತತ್ತ್ವಜ್ಞ ವಿಲಿಯಂ ಆಲ್‌ಬ್ರೈಟ್, ಇದು ಮಂಗಕ್ಕಿದ್ದ ಈಜಿಪ್ಟಿನ ಹೆಸರು ಎಂದ. ಹಾಗಾಗಿ ಕೆಲವು ಹೊಸ ಇಂಗ್ಲಿಷ್ ಬೈಬಲುಗಳಲ್ಲಿ ನವಿಲು ಹಾರಿಹೋಗಿ ಬಬೂನ್ ಬಂದು ಕೂತಿದೆ. ಎರಡೇ ಸಲ ಬರುವ ಪದದ ಪಾಡೇ ಇದು. ಅಕ್ಕಪಕ್ಕದಲ್ಲಿ ಸಾಕ್ಷಿ ಹೇಳುವವರು ಇರುವುದಿಲ್ಲ.

ನನ್ನ ಮನಸ್ಸು ನವಿಲಿನ ಕಡೆಗೇ ವಾಲುತ್ತದೆ. ಸಮುದ್ರದಾಚೆ ನವಿಲು ಮಾರಿದ ನೆನಪು ನಮ್ಮ ಕಡೆಯ ಕಥೆಗಳಲ್ಲೂ ಇದೆ. ಬೌದ್ಧರ ಬಾವೇರು ಜಾತಕದಲ್ಲಿ ವರ್ತಕರು ಬಾವೇರು ದೇಶಕ್ಕೆ, ಅಂದರೆ ಬ್ಯಾಬಿಲೋನಿಗೆ, ಮೊದಲು ಕಾಗೆಯೊಂದನ್ನು ಒಯ್ಯುತ್ತಾರೆ. ಅಲ್ಲಿಯ ಜನ ಅದನ್ನೇ ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಮುಂದಿನ ಸಲ ನವಿಲು ಬರುತ್ತದೆ, ಕಾಗೆಯನ್ನು ಕೇಳುವವರಿಲ್ಲ. ಈ ಕಥೆ ಸೊಲೊಮೋನನ ಕಾಲಕ್ಕಿಂತ ಈಚಿನದು, ಆದ್ದರಿಂದ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಆದರೂ ದಾರಿ ಇತ್ತೆಂಬುದನ್ನು ಹೇಳುತ್ತದೆ.

ನವಿಲೋ ಮಂಗವೋ ಎಂಬ ಈ ಜಗಳದಲ್ಲಿ ಆ ಪಟ್ಟಿ ಯಾವ ಜಾಗದಲ್ಲಿದೆ ಎಂಬುದನ್ನು ಮರೆಯುತ್ತೇವೆ. ಧರ್ಮಶಾಸ್ತ್ರದ ದೃಷ್ಟಿಯಿಂದ ತೂಕವಿರುವುದು ಅಲ್ಲೇ. ಧರ್ಮೋಪದೇಶಕಾಂಡದ 17ನೇ ಅಧ್ಯಾಯ ಇಸ್ರಾಯೇಲಿನ ಅರಸನಿಗೆ ಮೂರು ಕಟ್ಟುಗಳನ್ನು ಹಾಕುತ್ತದೆ: ಕುದುರೆಗಳನ್ನು ಹೆಚ್ಚಿಸಿಕೊಳ್ಳಬಾರದು, ಹೆಂಡಿರನ್ನು ಹೆಚ್ಚಿಸಿಕೊಳ್ಳಬಾರದು, ಬೆಳ್ಳಿಬಂಗಾರವನ್ನು ಅತಿಯಾಗಿ ಕೂಡಿಹಾಕಬಾರದು. ಈಗ ಅರಸುಗಳ ಪುಸ್ತಕಕ್ಕೆ ಮರಳಿ ನೋಡಿ. 10ನೇ ಅಧ್ಯಾಯದಲ್ಲಿ ವರ್ಷಕ್ಕೆ 666 ತಲಾಂತು ಬಂಗಾರ. ಮುಂದೆ ದಂತದ ಸಿಂಹಾಸನ, ಆಮೇಲೆ ನಮ್ಮ ತುಕ್ಕಿಗಳು, ಬೆನ್ನಿಗೇ ಈಜಿಪ್ಟಿನ ಕುದುರೆಗಳು. 11ನೇ ಅಧ್ಯಾಯ ತೆರೆಯುವಷ್ಟರಲ್ಲಿ 700 ಮಂದಿ ಹೆಂಡಿರು, 300 ಮಂದಿ ಉಪಪತ್ನಿಯರು. ಅವರ ದೇವರುಗಳ ಹಿಂದೆ ಅರಸನ ಹೃದಯ. ಹೊಗಳಿಕೆಯಂತೆ ಕೇಳುವ ಅಧ್ಯಾಯ ಆರೋಪಪಟ್ಟಿಯೂ ಹೌದು. ಯೆಹೂದ್ಯರ ತಾಲ್ಮುದಿನಲ್ಲೂ ಈ ಮಾತು ಬರುತ್ತದೆ: ಹೆಚ್ಚಿಸಿಕೊಳ್ಳುತ್ತೇನೆ, ಆದರೆ ದಾರಿ ತಪ್ಪುವುದಿಲ್ಲ ಎಂದು ನಂಬಿದ ಸೊಲೊಮೋನ ಅಲ್ಲೇ ಎಡವಿದನಂತೆ.

ನವಿಲನ್ನು ಯಾವ ನಿಯಮವೂ ನಿಷೇಧಿಸಿರಲಿಲ್ಲ. ಕುದುರೆ ಯುದ್ಧಕ್ಕೆ ಬೇಕು, ಬಂಗಾರ ಬೊಕ್ಕಸಕ್ಕೆ ಬೇಕು. ನವಿಲು ನೋಡಲು ಮಾತ್ರ. ಅರಸ ಅಗತ್ಯದ ಗೆರೆ ದಾಟಿದ್ದನ್ನು ಕುದುರೆಗಿಂತ ಚೆನ್ನಾಗಿ ತೋರಿಸುವುದು ಈ ಹಕ್ಕಿಯೇ ಎಂದು ನನಗೆ ಅನಿಸುತ್ತದೆ.

ಇಂದಿನ ಇಸ್ರೇಲಿನಲ್ಲಿ ನವಿಲನ್ನು ‘ತವ್ವಾಸ್’ ಎನ್ನುತ್ತಾರೆ, ನಮ್ಮ ಉರ್ದುವಿನ ‘ತಾವೂಸ್’ ಹಾಗೆ. ‘ತುಕ್ಕಿ’ ಎಂದರೆ ಅಲ್ಲಿಯ ಮಕ್ಕಳಿಗೆ ಗಿಳಿ! ಸೊಲೊಮೋನನ ಹಡಗಿನ ಕಥೆ ಓದುವ ಮಗುವಿನ ಕಣ್ಣಲ್ಲಿ ಹಡಗಿನ ತುಂಬ ಗಿಳಿಗಳು. ಆ ಮಗುವನ್ನು ತಿದ್ದುವುದೂ ಕಷ್ಟ. ಪಂಜರದಿಂದ ತಪ್ಪಿಸಿಕೊಂಡು ಅಲ್ಲೇ ಸಂಸಾರ ಹೂಡಿದ, ಕೊರಳಲ್ಲಿ ಗುಲಾಬಿ ಪಟ್ಟಿಯ ನಮ್ಮ ಹಸಿರು ಗಿಳಿಗಳು ಈಗ ಟೆಲ್ ಅವೀವ್‌ನ ಮರಗಳಲ್ಲಿ ಹಿಂಡುಹಿಂಡಾಗಿ ಕಿರುಚುತ್ತಿವೆ.