ನಿಮಗಿದು ಗೊತ್ತೆ? ಹೊಲದಲ್ಲೇ ಹಬ್ಬದೂಟ!

ಕಲಬುರಗಿ, ಬೀದರ, ವಿಜಯಪುರ ಕಡೆ ಎಳ್ಳಮಾವಾಸ್ಯೆಯ ಊಟ ಮನೆಯಲ್ಲಲ್ಲ, ಹೊಲದಲ್ಲಿ. ಡಿಸೆಂಬರ್‌ಗೋ ಜನವರಿಗೋ ಬರುವ ಈ ಹಬ್ಬಕ್ಕೆ ಮನೆಮಂದಿ, ಬೀಗರು, ಗೆಳೆಯರೆಲ್ಲ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಹಿಂದೆ ಸಿಂಗರಿಸಿದ ಎತ್ತಿನ ಬಂಡಿ, ಈಗ ಹೆಚ್ಚಾಗಿ ಟ್ರ್ಯಾಕ್ಟರ್, ಕಾರು. ಬನ್ನಿಗಿಡದ ಕೆಳಗೆ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ನಿಂತ ಜೋಳದ ಪೈರಿನ ನಡುವೆ ಅಡುಗೆಯನ್ನು ಚೆಲ್ಲುತ್ತಾ ಬರುವುದೇ ‘ಚರಗ’. ಮೊದಲ ತುತ್ತು ಭೂಮಿತಾಯಿಗೆ. ಆಮೇಲೆ ಉಣ್ಣುವವರ ಸರದಿ.

ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು ಇದ್ದರೂ ಹಬ್ಬದ ನಿಜವಾದ ರುಚಿ ಭಜ್ಜಿಯದು. ಎಣ್ಣೆಯಲ್ಲಿ ಕರಿದ ಬಜ್ಜಿಯಲ್ಲ ಇದು: ಹಸಿ ತೊಗರಿ, ಅವರೆ, ಕಡಲೆಕಾಳಿಗೆ ಬಗೆಬಗೆಯ ಸೊಪ್ಪು, ತರಕಾರಿ ಸೇರಿಸಿ, ಹುಣಸೆ ಹುಳಿ, ಕಡಲೆಹಿಟ್ಟು ಹಾಕಿ ಕುದಿಸಿದ ಗಟ್ಟಿ ಪಲ್ಯ. ಆ ಹೊತ್ತಿಗೆ ಹೊಲದಲ್ಲಿ ಹಸಿಯಾಗಿ ಸಿಗುವುದೆಲ್ಲ ಅದರಲ್ಲಿರುತ್ತದೆ.